ಕೆರೆಯಲ್ಲಿ ಊಟಕ್ಕೆ ಕುಳಿತ ಚೀನಾದವರು

ಹಿರೇಕೆರೂರಿನ ಕುಂಬಾರ ಅಜ್ಜಪ್ಪನ ಕಣ್ಣಿನ ಬಗ್ಗೆ ಸುತ್ತಲಿನ ಹಳ್ಳಿಗಳಲ್ಲಿ ದೊಡ್ಡ ಪ್ರತೀತಿಯಿತ್ತು. ಉಣ್ಣುವವರ ಎದುರು ನಿಂತು ರೆಪ್ಪೆ ಬಡಿಯದೆ ನೋಡುವುದು ಅವನ ಚಾಳಿ. ಅವನು ನೋಡಿದ್ದಕ್ಕೆ ಹಾವೇರಿ ಬಸ್ಸಿನ ಕಂಡಕ್ಟರು ರೊಟ್ಟಿ ಬಿಟ್ಟು ಎದ್ದನಂತೆ, ಬಸ್ಸು ಅದೊಂದು ದಿನ ಸರಿಯಾದ ವೇಳೆಗೆ ಹೊರಟಿತಂತೆ. ಇತಿಹಾಸ ಇಂಥ ಕಣ್ಣುಗಳನ್ನು ಸುಮ್ಮನೆ ಬಿಡುವುದಿಲ್ಲ.

೧೯೭೮ರಲ್ಲಿ ಅದು ಸವಣೂರು ಖಾರ ಕಟ್ಟಿದ ಕಾಗದದ ರೂಪದಲ್ಲಿ ಬಂತು. ಯಾವುದೋ ಚೀನಾ ಪತ್ರಿಕೆಯ ಹಾಳೆ. ಅದರ ಮೇಲಿನ ಚಿತ್ರದಲ್ಲಿ ಅಂಗಳದ ತುಂಬ ಮಣ್ಣಿನ ಮನುಷ್ಯರು: ಬಟ್ಟಲನ್ನು ಬಾಯಿಗೆ ಹಿಡಿದ ಮುದುಕಿ, ಎರಡು ಕಡ್ಡಿಯಲ್ಲಿ ಅನ್ನ ಎತ್ತುವ ಮಗ, ಕೋಸುಗಡ್ಡೆ ತೂಗುವ ಸೊಸೆ. ದೇವರಿಲ್ಲ, ರಾಜನಿಲ್ಲ. ಉಣ್ಣುವವರನ್ನು ಇಷ್ಟು ಹೊತ್ತು ನೋಡಿದವನು ಭೂಮಿಯ ಮೇಲೆ ಇನ್ನೊಬ್ಬನಿದ್ದಾನೆ ಎಂದು ಅಜ್ಜಪ್ಪನಿಗೆ ಖಾತ್ರಿಯಾಯಿತು. ಆ ವರ್ಷ ಗಣಪತಿ ಮಾಡುವುದನ್ನು ಬಿಟ್ಟು, ಹಿತ್ತಲಲ್ಲಿ, ಗಡಿಗೆ ಸುಡುವ ಆವಿಗೆಯ ಪಕ್ಕ, ಐದು ಜನ ಚೀನಾದವರನ್ನು ಊಟಕ್ಕೆ ಕೂರಿಸಿದ. ಮೂರಡಿ ಎತ್ತರ, ಒಳಗೆ ಪೊಳ್ಳು, ಹೊರಗೆ ಬಣ್ಣ. ಕಡ್ಡಿಯ ಮರ್ಮ ತಿಳಿಯದ್ದರಿಂದ ಮಗನ ಕೈಗೆ ಜೋಳದ ರೊಟ್ಟಿ ಕೊಟ್ಟ. ಇವರು ಸದಾಕಾಲ ಹೀಗೆಯೇ ಉಣ್ಣುತ್ತ ಕೂತಿರಬೇಕು ಎಂಬುದೊಂದೇ ಅವನ ಆಸೆ.

ಆದರೆ ಕೊನೆಗೆ ಕಣ್ಣು ಬರೆದುಬಿಟ್ಟ. ನಮ್ಮಲ್ಲಿ ಮಣ್ಣಿಗೆ ಕಣ್ಣು ಬರೆದರೆ ಅದು ದೇವರು. ಮರುದಿನವೇ ನೆರೆಮನೆಯ ಹಾಲವ್ವ ಚೀನಾದ ಮುದುಕಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಸಂಜೆ ಅವಳ ಎಮ್ಮೆ ತಾನಾಗಿ ಮನೆಗೆ ಬಂತು. ಎಮ್ಮೆ ದಿನಾಲೂ ಹಾಗೆಯೇ ಬರುತ್ತಿತ್ತು ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಹನ್ನೊಂದನೆಯ ದಿನ ಹಿರಿಯರು ಬಂದರು. ಪೂಜೆಗೊಂಡ ಮಣ್ಣನ್ನು ಇಟ್ಟುಕೊಳ್ಳುವಂತಿಲ್ಲ, ಕೆರೆಗೆ ಬಿಡಬೇಕು. ಇವರು ದೇವರಲ್ಲ, ಬರೀ ಉಣ್ಣುವವರು ಎಂದು ಅಜ್ಜಪ್ಪ ಅಂಗಲಾಚಿದ.

"ಯಾವ ದೇಶದವ್ರಾದ್ರ ಏನಲೇ ಅಜ್ಜಪ್ಪ," ಎಂದರು ಹಿರಿಯ ಮೈಲಾರಪ್ಪ. "ಕುಂಕುಮ ಹಚ್ಚಿಸ್ಕೊಂಡ ಮ್ಯಾಲ ನಮ್ಮವ್ರ. ಕಳಸಾಕ ಬೇಕು."

ಬಣ್ಣ ಇನ್ನೊಮ್ಮೆ ಬಳಿದು ಕಳಿಸುತ್ತೇನೆ ಎಂದು ಅವನು ನಾಲ್ಕು ದಿನದ ಮುದ್ದತು ಕೇಳಿದ. ಹಿರಿಯರು ಒಪ್ಪಿದರು. ಐದನೆಯ ದಿನ ಚೀನಾದ ಕುಟುಂಬ ಚಕ್ಕಡಿ ಏರಿ, ಹಲಗೆ ಭಜನೆಗಳೊಂದಿಗೆ ಪೇಟೆ ಸುತ್ತಿ, ಕೆರೆಯಲ್ಲಿ ಮುಳುಗಿತು. ಅಜ್ಜಪ್ಪನೊಬ್ಬನನ್ನು ಬಿಟ್ಟು ಎಲ್ಲರ ಕಣ್ಣೂ ಒದ್ದೆಯಾಗಿದ್ದವು.

ಬೇಸಿಗೆಯಲ್ಲಿ ಕೆರೆ ಇಳಿಯಿತು. ಬಣ್ಣ ಹೋಗಿತ್ತು, ಆದರೆ ಐದೂ ಜನ, ಒಂದು ಮೂಗೂ ಮುಕ್ಕಾಗದೆ, ಕೆಸರಿನಲ್ಲಿ ಉಣ್ಣುತ್ತ ಕೂತಿದ್ದರು. ಸುದ್ದಿ ರಟ್ಟೀಹಳ್ಳಿ ದಾಟಿತು. ಜನ ಹೂವು, ಎಡೆ ಹಿಡಿದು ಬಂದರು. ಮೈಲಾರಪ್ಪನವರು ಚಪ್ಪಲಿ ಕಳಚಿ, ಮೊಣಕಾಲುದ್ದ ಕೆಸರಿಗೆ ಇಳಿದು ಕೈ ಮುಗಿದರು. ಆಮೇಲೆ ಮುದುಕಿಯ ಬಟ್ಟಲು ತೊಳೆಯುತ್ತಿದ್ದ ಅಜ್ಜಪ್ಪನತ್ತ ತಿರುಗಿದರು.

"ಎಂಟು ತಿಂಗಳು ನೀರಾಗ ಇದ್ದು ಕರಗಿಲ್ಲಲ್ಲೋ. ಇದೇನ್ ಪವಾಡ, ಅಜ್ಜಪ್ಪ?"

"ಆವಿಗ್ಯಾಗ ಸುಟ್ಟೇನ್ರಿ," ಎಂದ ಅಜ್ಜಪ್ಪ. "ಗಡಿಗಿ ಸುಟ್ಟಂಗ."