ಹೆಡ್ಮಾಸ್ತರಿಗೊಂದು ಬಿನ್ನವತ್ತಳೆ

ಮಕ್ಕಳು ಅವಳನ್ನು ಅಲಂಕಾರ ಟೀಚರ್ ಅನ್ನುತ್ತಿದ್ದರು. ಕೈಗೊಂದು ಬಳೆ ಹಾಕದ ಹೆಂಗಸು. ಆದರೆ ಪದ್ಯದ ಅಲಂಕಾರ ಹೇಳಲು ನಿಂತರೆ ಹಿಂದಿನ ಬೆಂಚಿನ ಪೋಲಿಗಳೂ ತೆಪ್ಪಗಾಗುತ್ತಿದ್ದರು.

"ನಿಮ್ಮಣ್ಣ ಕತ್ತೆ ಥರ ದುಡೀತಾನೆ ಅಂದ್ರೆ ಉಪಮೆ. ನಿಮ್ಮಣ್ಣನೇ ಕತ್ತೆ ಅಂದ್ರೆ ರೂಪಕ. ಹೊಗಳೋ ನೆಪದಲ್ಲಿ ಬೈದ್ರೆ ವ್ಯಾಜಸ್ತುತಿ. ಗೊತ್ತಾಯ್ತೇನೋ?"

ಗೊತ್ತಾಗದೆ ಇದ್ದೀತೇ!

ಇಂಥ ಉದಾಹರಣೆಗಳನ್ನೆಲ್ಲ ಕೂಡಿಸಿ ಒಂದು ಪುಸ್ತಕ ಬರೆದಳು. ಭಾನುವಾರಗಳನ್ನೂ ಬೇಸಿಗೆ ರಜೆಗಳನ್ನೂ ಅದಕ್ಕೇ ಸುರಿದಳು. "ಕಣ್ಣು ಹಾಳಾಗುತ್ತೆ ಕಣೇ" ಎಂದು ಗೊಣಗಿ ಗೊಣಗಿ ಅವಳ ಅಮ್ಮನಿಗೇ ಸುಸ್ತಾಯಿತು. ಒಮ್ಮೆ ನೋಡಿ ಕೊಡುತ್ತೇನೆಂದು ಹಸ್ತಪ್ರತಿ ಒಯ್ದ ಹೆಡ್ಮಾಸ್ತರು ತಿರುಗಿ ಕೊಟ್ಟದ್ದು ಅಚ್ಚಾದ ಪುಸ್ತಕವನ್ನು. ಮುಖಪುಟದ ಮೇಲೆ ಅವರ ಹೆಸರು. ಇವಳದ್ದು ಒಳಗೆ ಹುಡುಕಿದರೂ ಇಲ್ಲ.

"ಸ್ಕೂಲಿಗೆ ಅಂತ ಬರೆದಿದ್ದಲ್ವೇನಮ್ಮಾ, ನೀವು ಬೇರೆ ನಾನು ಬೇರೆನಾ?" ಅಂದರು ಹೆಡ್ಮಾಸ್ತರು.

ಕದ್ದವನಿಗೆ ಇಷ್ಟು ಧಿಮಾಕು ಇರಬಾರದು. ಅಂದಿನಿಂದ ಅವಳ ಹೊಟ್ಟೆಯಲ್ಲಿ ಬೆಂಕಿ. ನಾಲ್ಕು ಜನರ ಮುಂದೆ ಇವನ ಮಾನ ಕಳೆಯಬೇಕು, ಕಳೆದದ್ದು ಇವನಿಗೂ ತಿಳಿಯಬೇಕು. ಅಷ್ಟಾಗದೆ ಅವಳಿಗೆ ಸಮಾಧಾನವಿರಲಿಲ್ಲ.

ವರ್ಷಗಳು ಕಳೆದು ಹೆಡ್ಮಾಸ್ತರ ನಿವೃತ್ತಿ ಬಂತು. ಬಿನ್ನವತ್ತಳೆ ಬರೆದು ಓದುವ ಕೆಲಸವನ್ನು ಹೆಡ್ಮಾಸ್ತರೇ ಇವಳಿಗೆ ವಹಿಸಿದರು. ಗ್ರಹಚಾರ ಕೆಟ್ಟವರನ್ನು ಯಾರು ತಡೆಯುತ್ತಾರೆ? ತುಂಬಿದ ಸಭೆಯಲ್ಲಿ, ಚೌಕಟ್ಟು ಹಾಕಿಸಿದ ಬಿನ್ನವತ್ತಳೆಯನ್ನು ಎತ್ತಿ ಹಿಡಿದು ಗಂಟಲು ಸರಿಮಾಡಿಕೊಂಡಳು.

"ಪೆನ್ನು ಮುಟ್ಟದೆ ಗ್ರಂಥ ರಚಿಸಿದ ಮಹಾನುಭಾವರೇ! ಪರರ ಶ್ರಮವನ್ನೂ ತಮ್ಮದೆಂದೇ ಕಾಣುವ ವಿಶಾಲ ಹೃದಯ ನಿಮ್ಮದು. ಶಾಲೆಯ ಸೂರು ಸೋರಿದರೂ ಕುರ್ಚಿ ಬಿಟ್ಟೇಳದ ನಿಮ್ಮ ನಿಷ್ಠೆಗೆ ಎಣೆಯುಂಟೇ?"

ಹತ್ತನೇ ತರಗತಿಯ ಸಾಲು ಕಿಸಕ್ಕೆಂದು ನಕ್ಕಿತು. ಮೇಷ್ಟ್ರುಗಳಿಗೆಲ್ಲ ಒಟ್ಟಿಗೇ ಕೆಮ್ಮು ಬಂತು. ಹೆಡ್ಮಾಸ್ತರು ಮಾತ್ರ ಸಾಲು ಸಾಲಿಗೂ ತಲೆದೂಗಿದರು. ಕೊನೆಗೆ ಕಣ್ಣೊರೆಸಿಕೊಂಡು ಅವಳಿಗೇ ಕೈಮುಗಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ತನ್ನ ಹೆಸರು ಹೊತ್ತ ಪುಸ್ತಕವನ್ನು ಪುಣ್ಯಾತ್ಮ ಒಂದು ಸಲವೂ ಓದಿರಲಿಲ್ಲ.

ಸಭೆ ಮುಗಿಯಿತು. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಹಲ್ಲು ಕಡಿದಳು. ಇಷ್ಟು ವರ್ಷ ಕಾದ ಸಿಟ್ಟು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಅಳುವೇ ಬಂತು. ಆಗ ಹೆಡ್ಮಾಸ್ತರ ಹೆಂಡತಿ ಬಿನ್ನವತ್ತಳೆಯನ್ನು ಎದೆಗವಚಿಕೊಂಡು ಒಳಗೆ ಬಂದು, ಬಾಗಿಲು ಮುಂದಕ್ಕೆ ಮಾಡಿದರು.

"ವ್ಯಾಜಸ್ತುತಿ ಚೆನ್ನಾಗಿತ್ತಮ್ಮ."

ಟೀಚರ್ ಕುರ್ಚಿಯಿಂದೆದ್ದಳು. "ನಿಮಗೆ ಹೇಗೆ..."

"ನಾನೂ ಸಾಹಿತ್ಯ ಓದಿದವಳೇ. ಕವಿತೆ ಬರೀತಿದ್ದೆ. ಮನೆಕೆಲಸ ಕೆಡುತ್ತೆ ಅಂತ ಇವರು ಒಂದೂ ಬಿಡದೆ ಒಲೆಗೆ ಹಾಕಿದ್ರು." ಆಕೆ ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. "ನಾಳೆಯಿಂದ ಇಡೀ ದಿನ ಮನೇಲೇ ಇರ್ತಾರಲ್ಲ. ಎದುರಿಗೆ ಕೂರಿಸಿಕೊಂಡು ದಿನಾ ಒಂದೊಂದು ಸಾಲು ಅರ್ಥ ಬಿಡಿಸಿ ಹೇಳ್ತೀನಿ."