ಯಾವ ವಿಮೆಯಲ್ಲೂ ಬಾರದ ಜೊತೆ

ಕಣ್ಣಿಗೆ ಹನಿ ಹಾಕಿ ಅರ್ಧ ಗಂಟೆಯಾಗಿತ್ತು. ಕಡೂರಿನ ಕಣ್ಣಾಸ್ಪತ್ರೆಯ ಕಿಟಕಿ, ಗೋಡೆ, ಓಡಾಡುವ ನರ್ಸುಗಳು ಎಲ್ಲವೂ ಹಾಲಿನಲ್ಲಿ ಅದ್ದಿದಂತೆ ತೇಲುತ್ತಿದ್ದವು. ಪಕ್ಕದ ಕುರ್ಚಿಯಿಂದ ಒಂದು ದನಿ ಕೇಳಿಸಿತು. "ಒಬ್ಳೇ ಬಂದಿದೀನಿ ಕಣಮ್ಮ. ಜೊತೆಗ್ಯಾರೂ ಇಲ್ಲ ಅಂದ್ರೆ ಆಪರೇಷನ್ ಮಾಡಲ್ವಂತೆ."

ಅವರು ಅಜ್ಜಂಪುರದ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತರಾದ ರತ್ನಮ್ಮ. ನಾನು ತರೀಕೆರೆಯ ನಿವೃತ್ತ ಟೀಚರ್. ಪೊರೆ ತೆಗೆಸುವ ಖರ್ಚು ಇಬ್ಬರಿಗೂ ಸರ್ಕಾರದ ಆರೋಗ್ಯ ಕಾರ್ಡಿನಲ್ಲೇ ಬರುತ್ತಿತ್ತು. ನಾನು ಅದರ ಮೇಲೊಂದು ಖಾಸಗಿ ವಿಮೆಯನ್ನೂ ಮಾಡಿಸಿದ್ದೆ. ಒಳ್ಳೆಯ ಲೆನ್ಸಿಗೆ, ಬೇರೆ ರೂಮಿಗೆ ಆಗುವ ಹೆಚ್ಚಿನ ಖರ್ಚು ಅದು ಕೊಡುತ್ತಿತ್ತು. ಇನ್ನೇನೂ ಬೇಕಿಲ್ಲ ಎಂದುಕೊಂಡಿದ್ದೆ. ಆದರೆ ಬರಬೇಕಿದ್ದ ತಂಗಿ ಬೆಳಿಗ್ಗೆ ಜ್ವರ ಬಂದು ಮಲಗಿಬಿಟ್ಟಿದ್ದಳು. ಜೊತೆಗಿರುವ ಮನುಷ್ಯರು ಯಾವ ವಿಮೆಯಲ್ಲೂ ಬರುವುದಿಲ್ಲವಲ್ಲ!

"ನಿಮ್ಗೆ ನಾನು, ನಂಗೆ ನೀವು. ಆಗಲ್ವಾ?" ಎಂದೆ.

ಹಾಗಂತ ಹೋಗಿ ಹೇಳಿದಾಗ ಡಾಕ್ಟರು ನಕ್ಕು ಒಪ್ಪಿದರು. ಒಬ್ಬರಾದ ಮೇಲೆ ಒಬ್ಬರನ್ನು ಒಳಗೆ ಕರೆದರು. ಸಂಜೆ ನನ್ನ ಎಡಗಣ್ಣಿಗೆ ಪಟ್ಟಿ, ಅವರ ಬಲಗಣ್ಣಿಗೆ ಪಟ್ಟಿ. ನನ್ನ ರೂಮಿನಲ್ಲಿ ಜೊತೆಗಿರುವವರಿಗೆಂದು ಹಾಕಿದ್ದ ಪಕ್ಕದ ಮಂಚದಲ್ಲಿ ಮಲಗಿ ರತ್ನಮ್ಮ ಹಾಸ್ಟೆಲ್ ಮಕ್ಕಳ ಕಥೆ ಹೇಳುತ್ತಿದ್ದರು. ಕೇಳುತ್ತ ಕೇಳುತ್ತ ಎಚ್ಚರವೋ ಕನಸೋ ತಿಳಿಯದಾಯಿತು. ಯಾವಾಗಲೋ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದೆವು.

ಇನ್ನೊಂದು ಕಣ್ಣಿಗೆ ತಾನೇ ಬರುತ್ತೇನೆಂದು ತಂಗಿ ಹೇಳಿದಳು. ಬೇಡ ಎಂದೆ. ರತ್ನಮ್ಮ ಆಗಲೇ ಇಬ್ಬರಿಗೂ ಒಂದೇ ದಿನ ಬರೆಸಿ ಬಂದಿದ್ದಾರೆ.