ಚಪ್ಪರದ ನೆರಳಿನ ಪಾಳಿ

ಯಾದಗಿರಿ ಕಡೆಯ ಮಾನಮ್ಮ ಗಂಡ ತೀರಿದ ಮೇಲೆ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸ ಹಿಡಿದಳು. ಅಲ್ಲಿ ಹೆಂಗಸರದು ಮೂರು ಗುಂಪು, ಅಲ್ಲಿನ ಮಾತಲ್ಲಿ ಟೋಳಿ: ಪುಣೆ ಹತ್ತಿರದ ಭೋರಿನವರು, ಸೊಲ್ಲಾಪುರದವರು, ಈ ಕನ್ನಡದವರು. ಮೊದಲು ಒಬ್ಬರಿಗಿಂತ ಒಬ್ಬರು ಕಡಿಮೆ ಕೂಲಿಗೆ ಒಪ್ಪಿ ಎಲ್ಲರೂ ಕೆಟ್ಟಿದ್ದರು. ಆಮೇಲೆ ಕೂಡಿ ಕೂತು, ಕೂಲಿ ಎಲ್ಲರಿಗೂ ಒಂದೇ, ತಗಡಿನ ಚಪ್ಪರದ ನೆರಳು ದಿನಕ್ಕೊಂದು ಟೋಳಿಗೆ ಎಂದು ಮಾಡಿಕೊಂಡರು. ಟೋಳಿ ಸಣ್ಣದಿರಲಿ, ದೊಡ್ಡದಿರಲಿ, ಪಾಳಿ ಸಮ. ಹಲವು ವರ್ಷ ಹಾಗೇ ನಡೆಯಿತು.

2006ರ ಬೇಸಿಗೆಯ ಹೊತ್ತಿಗೆ ಭೋರಿನ ಟೋಳಿ ಭಾಳ ಬೆಳೆದಿತ್ತು. ಪೇಟೆಯಲ್ಲಿ ಗಡಿ ಜಗಳದ ಮಾತೂ ಎದ್ದಿತ್ತು. ಒಂದು ಮುಂಜಾನೆ, ಕನ್ನಡದವರ ಪಾಳಿಯ ದಿನ, ಭೋರಿನವರೇ ಬಂದು ಚಪ್ಪರದಡಿ ಕೂತಿದ್ದರು.

“ಕೈ ಎತ್ತಿಸಿ ಎಣಿಸೀವಿ. ಇನ್ನ ನೆರಳು ಮಂದಿ ಹೆಚ್ಚಿದ್ದವರಿಗೆ,” ಎಂದಳು ಆ ಟೋಳಿಯ ರಂಜನಾ.

“ನಮ್ಮನ್ನ ಕರೀಲಿಲ್ಲಲ್ಲ?” ಎಂದಳು ಮಾನಮ್ಮ.

“ಕರೆದಿದ್ರೂ ನೀವು ಸೋಲವ್ರ. ನೆರಳು ಬೇಕಾದ್ರ ನಿಮ್ಮ ಸರಕಾರಕ್ಕ ಕೇಳ್ರಿ.”

ಮಾನಮ್ಮನ ಮಗಳು ಅನುಸೂಯಾ ಬಾಣಂತನ ಮುಗಿಸಿ ಅಂದೇ ಕೆಲಸಕ್ಕೆ ಮರಳಿದ್ದಳು. ಕೂಸನ್ನು ಮಲಗಿಸಲು ಆ ಚಪ್ಪರ ಬಿಟ್ಟರೆ ಬೇರೆ ಜಾಗವಿರಲಿಲ್ಲ.

“ನಡಿಯವ್ವ, ಚಾಕಣಕ್ಕ ಹೋಗೂನು. ಅಲ್ಲಿ ಕಟ್ಟಡದ ಕೆಲಸ ಸಿಗತದ,” ಎಂದಳು ಮಗಳು.

ಹೋಗಬಹುದಿತ್ತು. ಆದರೆ ಒಂದು ಟೋಳಿ ಬಿಟ್ಟು ಹೋದರೆ ಕಟ್ಟು ಒಡೆಯುತ್ತದೆ, ಮತ್ತೆ ಪೈಪೋಟಿ ಬಿದ್ದು ಕೂಲಿ ಎಲ್ಲರದೂ ಇಳಿಯುತ್ತದೆ. ಮಾನಮ್ಮ ಭೋರಿನವರ ಹಿರಿಯಳಾದ ಗಂಗೂಬಾಯಿಯ ಮಗ್ಗುಲಿಗೆ ಹೋಗಿ ಕೂತಳು.

“ಅಕ್ಕಾ, ಎಣಿಸಿದ್ರ ನಾವು ಯಾವಾಗಲೂ ಸೋಲ್ತೀವಿ. ಯಾವಾಗಲೂ ಸೋಲವ್ರು ಯಾಕ ಕೂಡಿ ಇರಬೇಕು, ನೀವ ಹೇಳ್ರಿ.”

ಗಂಗೂಬಾಯಿ ಕೈಯಲ್ಲಿದ್ದ ಗಡ್ಡೆಯ ಸಿಪ್ಪೆ ಬಿಡಿಸುತ್ತ, “ಭೋರ್ ಸಂಸ್ಥಾನ ಮುಂಬಯಿ ರಾಜ್ಯದಾಗ ಕೂಡಿದಾಗ ನಮ್ಮಪ್ಪನೂ ಹಿಂಗ ಅಂತಿದ್ದ. ಅಷ್ಟು ದೊಡ್ಡದ್ರಾಗ ನಮ್ಮ ಮಾತು ಯಾರು ಕೇಳ್ತಾರ ಅಂತ,” ಎಂದು ರಂಜನಾಳ ಕಡೆ ತಿರುಗಿದಳು. “ಏಳು. ಲಾರಿ ಯಾವುದು ಮೊದಲು, ಚಹಾ ಯಾವಾಗ, ಅದಕ್ಕೆಲ್ಲ ಕೈ ಎತ್ರಿ. ಪಾಳಿಗೆ ಕೈ ಎತ್ತೂ ಹಂಗಿಲ್ಲ. ಪಾಳಿ ಅದ ಅಂತನ ಇವ್ರು ನಮ್ಮ ಜೋಡಿ ಅದಾರ.”

“ನಾವು ಇಷ್ಟು ಮಂದಿ ಬಿಸಲಾಗ ಕೂಡಬೇಕೇನ್ ಮಾವಶಿ?” ಎಂದಳು ರಂಜನಾ.

“ಒಂದು ದಿನಕ್ಕ ನೀ ಏನ್ ಬೆಣ್ಣಿ ಆಗಿ ಕರಗೂದಿಲ್ಲ.”

ನಗೆ ಎದ್ದಿತು. ರಂಜನಾ ಗೊಣಗುತ್ತಲೇ ಎದ್ದಳು. ಅವಳ ಟೋಳಿಯ ಇಬ್ಬರು ತಿಂಗಳುಗಟ್ಟಲೆ ಮಾನಮ್ಮನ ಜೊತೆ ಮಾತು ಬಿಟ್ಟರು. ಆದರೆ ಕೂಸು ಯಾರ ಪಾಳಿಯಿದ್ದರೂ ನೆರಳಲ್ಲೇ ಮಲಗಲಿ ಎಂದು ಗಂಗೂಬಾಯಿ ಅಂದೇ ಹೇಳಿಬಿಟ್ಟಳು.

ಮರುದಿನ ಭೋರಿನವರ ಪಾಳಿ. ಅವರು ಬರುವಷ್ಟರಲ್ಲಿ ಚಪ್ಪರದಡಿ ಕಸ ಗುಡಿಸಿ, ನೀರು ಚಿಮುಕಿಸಿ, ತನ್ನ ಟೋಳಿಯನ್ನು ಕರೆದುಕೊಂಡು ಅವಳು ಬಿಸಿಲಿಗೆ ಕೂತಿದ್ದಳು.